ಒಂದೇ ಬರಹ, ಎರಡು ಬಂಡೆ

ಮದುವೆಯ ಚಿತ್ರಗಳಿದ್ದ ಮೆಮೊರಿ ಕಾರ್ಡ್ ಕೆಟ್ಟರೆ ಎಲ್ಲರೂ ಕಾರ್ಡಿನ ಗುಣಮಟ್ಟವನ್ನೇ ದೂರುತ್ತಾರೆ. ನನ್ನ ದೂರು ಒಂದೇ ಪ್ರತಿಯನ್ನು ನಂಬುವ ರೂಢಿಯ ಮೇಲೆ. ಇದಕ್ಕೆ ಪುರಾವೆ ಕೊಪ್ಪಳದ ಬೆಟ್ಟಗಳಲ್ಲೇ ಇದೆ. ಕ್ರಿ.ಪೂ. 3ನೇ ಶತಮಾನದ ಅಶೋಕನ ಕಿರುಶಾಸನ ಇಲ್ಲಿ ಗವಿಮಠದ ಬಂಡೆಯ ಮೇಲೂ ಇದೆ, ಪಾಲ್ಕಿಗುಂಡಿನಲ್ಲೂ ಇದೆ. ಗವಿಮಠದ್ದನ್ನು ಇಂದಿಗೂ ಓದಬಹುದು. ಪಾಲ್ಕಿಗುಂಡಿನದು ಬಹುಪಾಲು ಸವೆದುಹೋಗಿದೆ. ಊರು ಅದೇ, ಮಳೆ ಬಿಸಿಲು ಅವೇ, ಆದರೂ ಫಲ ಬೇರೆಯಾಯಿತು. ಸವೆದ ಸಾಲುಗಳಲ್ಲಿ ಏನಿತ್ತೆಂದು ತಿಳಿಯಲು ಆಸರೆಯಾಗುವುದು ಉಳಿದ ಪ್ರತಿಗಳೇ.

ಎರಡು ಸಾವಿರ ವರ್ಷ ಬಾಳಿದ ಕಲ್ಲಿಗೂ ಕಾರ್ಡಿಗೂ ಎಲ್ಲಿಯ ಸಾಟಿ ಎನ್ನಬಹುದು. ನಿಜ, ಕಾರ್ಡಿನ ಆಯುಷ್ಯ ಚಿಕ್ಕದು. ಅದರ ಕೋಶಗಳಲ್ಲಿ ವಿದ್ಯುದಂಶ ಹಿಡಿದಿಡುವ ತೆಳು ಪದರ ಪ್ರತಿ ಬಾರಿ ಅಳಿಸಿ ಬರೆದಾಗಲೂ ಸವೆಯುತ್ತದೆ. ಬಳಸದೆ ವರ್ಷಗಟ್ಟಲೆ ಇಟ್ಟರೆ ವಿದ್ಯುದಂಶ ಸೋರುತ್ತದೆ. ಬರೆಯುತ್ತಿರುವಾಗಲೇ ಕಿತ್ತರೆ ಹೊಸ ಕಾರ್ಡಿನ ಚಿತ್ರಗಳೂ ಕೆಡುತ್ತವೆ, ನಕಲಿ ಕಾರ್ಡಂತೂ ಹೇಳಿದಷ್ಟು ಜಾಗವನ್ನೇ ಕೊಡುವುದಿಲ್ಲ. ಅಂದಮೇಲೆ ಎರಡನೇ ಪ್ರತಿ ಕಲ್ಲಿಗಿಂತ ಕಾರ್ಡಿಗೇ ಹೆಚ್ಚು ಬೇಕು. ದುಬಾರಿಯಲ್ಲವೇ ಎಂಬ ಆಕ್ಷೇಪ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಚಿಕ್ಕ ಸ್ಟುಡಿಯೊಗಳಿಗೆ ಸಹಜ. ಆದರೆ ತಾಳಿ ಕಟ್ಟುವ ಗಳಿಗೆಯನ್ನು ಮತ್ತೆ ತೆಗೆಯಲಾಗದು. ಎರಡು ಕಾರ್ಡಿನ ಕ್ಯಾಮೆರಾ ಇದ್ದರೆ ಎರಡರಲ್ಲೂ ಒಟ್ಟಿಗೆ ಬರೆಸಬೇಕು. ಇಲ್ಲದವರು ಎರಡು ಕಡೆ ನಕಲಿಳಿಸಿ, ತೆರೆದು ನೋಡಿ, ಆಮೇಲಷ್ಟೇ ಕಾರ್ಡ್ ಅಳಿಸಬೇಕು.