ಮಲಪ್ರಭೆಯ ದಂಡೆಯ ಐನೂರ್ವರು

ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಖಾನಾಪುರದ ಕಾಡನ್ನು ದಾಟಿ, ಸವದತ್ತಿಯ ಎರೆಭೂಮಿಗೆ ಇಳಿದು, ಮುನವಳ್ಳಿಯನ್ನೂ ಸಾಲಹಳ್ಳಿಯಂಥ ಊರುಗಳಿರುವ ರಾಮದುರ್ಗ ಸೀಮೆಯನ್ನೂ ಹಾದು, ಐಹೊಳೆಯ ಮಗ್ಗುಲಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಇಂದು ದೇವಾಲಯಗಳಿಗಾಗಿ ಮಾತ್ರ ನೆನಪಾಗುವ ಈ ಐಹೊಳೆ, ಅಂದರೆ ಶಾಸನಗಳ ಅಯ್ಯಾವೊಳೆ, ಮಧ್ಯಕಾಲದ ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರು. 'ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು' ಎಂಬುದು ಆ ಸಂಘದ ಹೆಸರು.

ಈ ಹೆಸರಿನ ಮೂಲ ವ್ಯಾಪಾರದಲ್ಲಿಯೇ ಇತ್ತೆಂದು ಹೇಳಲಾಗದು. ಐಹೊಳೆಯ ಲಾಡಖಾನ್ ದೇವಾಲಯದಲ್ಲಿರುವ, ಸುಮಾರು 8ನೆಯ ಶತಮಾನದ ಶಾಸನವು ಐನೂರು ಮಂದಿ ಚತುರ್ವೇದಿಗಳ, ಅಂದರೆ ವೇದಪಾರಂಗತರಾದ ಮಹಾಜನರ ಸಭೆಯನ್ನು ಹೆಸರಿಸುತ್ತದೆ. ಊರಿನ ಈ ಸಭೆಗೂ ಮುಂದಿನ ವರ್ತಕರಿಗೂ ಇದ್ದ ನಂಟಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 11ನೆಯ ಶತಮಾನದ ಹೊತ್ತಿಗಂತೂ ಐನೂರ್ವರೆಂದರೆ ವ್ಯಾಪಾರಿಗಳೇ. ಅವರ ಶಾಸನಗಳು ರಾಜರ ಶಾಸನಗಳಂತೆಯೇ ದೀರ್ಘ ಪ್ರಶಸ್ತಿಯಿಂದ ತೊಡಗುತ್ತವೆ: ಗುಡ್ಡದ ಚಿಹ್ನೆಯ ಧ್ವಜ, ಅಯ್ಯಾವೊಳೆಯ ಭಗವತಿಯ ವರಪ್ರಸಾದ, ವೀರಬಣಂಜುಧರ್ಮದ, ಅಂದರೆ ವರ್ತಕರು ತಾವೇ ಕಟ್ಟಿಕೊಂಡು ಪಾಲಿಸಿದ ಕಟ್ಟಳೆಯ ರಕ್ಷಣೆ, ಹದಿನೆಂಟು ಪಟ್ಟಣಗಳು, ಮೂವತ್ತೆರಡು ವೇಳಾಪುರಗಳು. ಈ ಸಂಖ್ಯೆಗಳು ಲೆಕ್ಕವಲ್ಲ, ಬಿರುದು; ಹಾಗೆಂದು ಅವನ್ನು ಬರಿಯ ಜಂಬವೆಂದು ತಳ್ಳಿಹಾಕುವುದೂ ಸರಿಯಲ್ಲ.

1670ರಲ್ಲಿ ಇಂಗ್ಲೆಂಡಿನ ಅರಸನ ಸನ್ನದು ಪಡೆದು, ಉತ್ತರ ಅಮೆರಿಕದ ಹಿಮಪ್ರದೇಶದ ನದಿಮುಖಗಳಲ್ಲಿ ಕೋಠಿಗಳನ್ನು ಕಟ್ಟಿ ಬೀವರ್ ಎಂಬ ಪ್ರಾಣಿಯ ತುಪ್ಪಳ ಕೊಂಡ ಹಡ್ಸನ್ಸ್ ಬೇ ಕಂಪನಿಯೊಡನೆ ಇವರನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಆ ಕಂಪನಿಯ ಬಲ ಏಕಸ್ವಾಮ್ಯ ಮತ್ತು ನದಿಯ ದೋಣಿದಾರಿ. ಐನೂರ್ವರಿಗೆ ಯಾವ ಒಬ್ಬ ಅರಸನ ಸನ್ನದೂ ಇರಲಿಲ್ಲ. ಮಲಪ್ರಭೆಯೂ ಬೇಸಿಗೆಯಲ್ಲಿ ಬತ್ತುವ ಹೊಳೆ. ಅವರ ಸರಕು ಎತ್ತು, ಕತ್ತೆ, ಕೋಣಗಳ ಬೆನ್ನಮೇಲೆ, 'ಹೇರು' ಎಂದು ಕರೆಯುವ ಹೊರೆಗಳಲ್ಲಿ ಸಾಗುತ್ತಿತ್ತು. ಶಿಕಾರಿಪುರ ಸೀಮೆಯ 11ನೆಯ ಶತಮಾನದ ಶಾಸನವೊಂದು ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಮಾರುತ್ತ ಚೇರ, ಚೋಳ, ಮಗಧ, ನೇಪಾಳಗಳನ್ನು ಸುತ್ತಿದವರೆಂದು ಇವರನ್ನು ಹೊಗಳುತ್ತದೆ.

ಹಿಮಾಲಯದ ಮೃಗದಿಂದ ದೊರೆಯುವ ಆ ಕಸ್ತೂರಿಯು ಸಾಗರದಾಚೆಯೂ ಕಾಣಿಸಿಕೊಳ್ಳುತ್ತದೆ. ಸುಮಾತ್ರಾ ದ್ವೀಪದಲ್ಲಿ, ಕರ್ಪೂರಕ್ಕೆ ಹೆಸರಾದ ಬರುಸ್ ಬಂದರಿನ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಐನೂರ್ವರು, ಬಂದಿಳಿದ ಹಡಗಿನವರು ಕಸ್ತೂರಿಯ ಬೆಲೆಗೆ ಅನುಗುಣವಾಗಿ ಚಿನ್ನದಲ್ಲಿ ತೆರಿಗೆ ಕೊಟ್ಟ ಮೇಲೆಯೇ ಒಳಬರಬೇಕೆಂದು ವಿಧಿಸಿದ್ದಾರೆ. ಅರಸನ ಆಣೆಯಿಲ್ಲದೆ ಪರದೇಶದ ದಡದಲ್ಲಿ ವರ್ತಕರೇ ಸುಂಕ ಗೊತ್ತುಮಾಡಿದ್ದು ಸಾಮಾನ್ಯ ಸಂಗತಿಯಲ್ಲ.

ಮಲಪ್ರಭೆಯ ಮೇಲ್ದಂಡೆಯಲ್ಲಿ ಈ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ರಟ್ಟರ ದಾಖಲೆಗಳೇ ಉತ್ತಮ ಸಾಕ್ಷಿ. ಕೂಂಡಿ ಮೂರುಸಾವಿರ ಎಂಬ ನಾಡನ್ನು ಆಳಿದ ರಟ್ಟರು ಮೊದಲು ಸುಗಂಧವರ್ತಿಯಲ್ಲಿ, ಅಂದರೆ ಸವದತ್ತಿಯಲ್ಲಿ ನೆಲೆಸಿ, ಅನಂತರ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ರಾಜಧಾನಿಯನ್ನು ಒಯ್ದರು. ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ಅಲ್ಲಿನ ರಟ್ಟ ಜಿನಾಲಯಕ್ಕೆ ಸಂದ ದಾನದಲ್ಲಿ ಅರಸನ ಭೂಮಿಯ ಜೊತೆಗೆ ವರ್ತಕರ ಪಾಲೂ ಇದೆ. ಸ್ಥಳೀಯ ಸೆಟ್ಟಿಗಳು, ಕೂಂಡಿನಾಡಿನ ಮುಮ್ಮುರಿದಂಡರು (ಇದು ಐನೂರ್ವರೊಡನೆ ಶಾಸನಗಳಲ್ಲಿ ಕಾಣುವ ಇನ್ನೊಂದು ವರ್ತಕ ತಂಡ), ಗುಜರಾತಿನ ಲಾಳರು, ಮಲೆಯಾಳದ ವ್ಯಾಪಾರಿಗಳು ಒಟ್ಟುಗೂಡಿ, ಮಾರಾಟಕ್ಕೆ ಬಂದ ಕುದುರೆ, ಭತ್ತ, ವೀಳ್ಯದೆಲೆಗಳಂಥ ಸರಕಿನ ಮೇಲೆ ಬಸದಿಗೆ ಇಂತಿಷ್ಟು ಕೊಡುವುದಾಗಿ ಒಪ್ಪಿಕೊಂಡರು. ಒಂದೇ ಸಂತೆಯಲ್ಲಿ ಅರಬ್ಬೀ ಸಮುದ್ರದ ಎರಡು ಕರಾವಳಿಗಳ ಜನ ಸೇರುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ. ದೇವರ ಹೆಸರಿನ ಈ ವಂತಿಗೆಯು ಪರಊರಿನ ವ್ಯಾಪಾರಿಗೆ ಪೇಟೆಯಲ್ಲಿ ನಂಬಿಕೆಯನ್ನೂ ತಂದುಕೊಟ್ಟಿರಬೇಕು.

14ನೆಯ ಶತಮಾನದ ಬಳಿಕ ಐನೂರ್ವರ ಉಲ್ಲೇಖಗಳು ವಿರಳವಾಗುತ್ತವೆ. ಐಹೊಳೆಯು ತನ್ನ ಹೆಸರನ್ನು ದೂರದೂರಕ್ಕೆ ಕಳಿಸಿತೇ ಹೊರತು ಆ ವರ್ತಕರ ಸಂಪತ್ತಿಗೆ ತಕ್ಕ ನಗರವಾಗಿ ಉಳಿಯಲಿಲ್ಲ. ಬೆಳಗಾವಿಯ ಸಂತೆಯ ಲೆಕ್ಕವನ್ನು ಕೆತ್ತಿದ ಶಿಲಾಶಾಸನ ಈಗ ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ.