ಚುಕ್ಕೆಯ ಹಠ, ಕಲ್ಲಿನ ಕಾಟ

ಡಾಲ್ಮೇಷಿಯನ್ ನಾಯಿಗೆ ಮೂತ್ರದ ಕಲ್ಲಾದರೆ ಊಟವನ್ನು ದೂರುವುದು ವಾಡಿಕೆ. ಆ ತಳಿಯ ಚರಿತ್ರೆ ನೋಡಿದರೆ ದೂರಬೇಕಾದದ್ದು ವಂಶಶುದ್ಧಿಯ ಹಠವನ್ನು. ಬೇರೆ ನಾಯಿಗಳ ಪಿತ್ತಜನಕಾಂಗ ಯೂರಿಕ್ ಆಮ್ಲವನ್ನು ನೀರಿನಲ್ಲಿ ಸಲೀಸಾಗಿ ಕರಗುವ ಅಲಂಟಾಯಿನ್ ಆಗಿ ಮಾರ್ಪಡಿಸುತ್ತದೆ. ಡಾಲ್ಮೇಷಿಯನ್ ಮೂತ್ರದಲ್ಲಿ ಮಾತ್ರ ಯೂರಿಕ್ ಆಮ್ಲವೇ ಹೇರಳವೆಂದು ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1916ರಲ್ಲೇ ತಿಳಿಸಿದ್ದರು. ಅದು ಹರಳುಗಟ್ಟಿ, ಗಂಡುನಾಯಿಯ ಶಿಶ್ನದ ಎಲುಬಿನ ಬಳಿ ಮೂತ್ರನಾಳ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ; ನಾಯಿ ಕಾಲೆತ್ತಿ ಎಷ್ಟು ಹೊತ್ತು ತಿಣುಕಿದರೂ ಬೀಳುವುದು ಹನಿಯಷ್ಟೇ. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚುವುದು ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುವ ಗುಣವೆಂದು 1938ರಲ್ಲಿ ಟ್ರಿಂಬಲ್ ಮತ್ತು ಕೀಲರ್ ತೋರಿಸಿದರು. ಶುದ್ಧ ಡಾಲ್ಮೇಷಿಯನ್‌ಗಳೆಲ್ಲವೂ ಈ ದೋಷವನ್ನು ಜೋಡಿಯಾಗಿಯೇ ಹೊತ್ತಿದ್ದರಿಂದ, ಹೊರಗಿನ ರಕ್ತವಿಲ್ಲದೆ ಅದು ಕಳೆಯುವಂತಿರಲಿಲ್ಲ.

ಆ ಕೆಲಸಕ್ಕೆ 1973ರಲ್ಲಿ ಕೈಹಾಕಿದವರು ತಳಿವಿಜ್ಞಾನಿ ರಾಬರ್ಟ್ ಶೈಬಲ್. ಡಾಲ್ಮೇಷಿಯನ್ ಅನ್ನು ಪಾಯಿಂಟರ್ ತಳಿಯ ಒಂದೇ ಒಂದು ನಾಯಿಯೊಂದಿಗೆ ಕೂಡಿಸಿ, ಮರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಮತ್ತೆ ಡಾಲ್ಮೇಷಿಯನ್‌ಗಳಿಗೇ ಜೋಡಿಸುತ್ತ ಬಂದರು. ಐದನೆಯ ತಲೆಮಾರಿಗೆ ಪಾಯಿಂಟರ್ ಪಾಲು ಲೆಕ್ಕಕ್ಕೆ ನೂರಕ್ಕೆ ಮೂರರಷ್ಟು. 1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅಂಥ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿಯ ಅಭಿಮಾನಿಗಳು ಗಲಾಟೆ ಎಬ್ಬಿಸಿದ್ದೇ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 2011ರಲ್ಲಿ, ಸಂಶೋಧಕಿ ಡಾನಿಕಾ ಬನ್ನಾಶ್ ಅವರ ತಂಡ ದೋಷವಿರುವ ವಂಶವಾಹಿಯನ್ನು 2008ರಲ್ಲಿ ಪತ್ತೆಹಚ್ಚಿದ ಮೇಲೆ.

ವಿರೋಧಿಗಳ ಮಾತು ಪೂರ್ತಿ ಪೊಳ್ಳೇನಲ್ಲ. ಮಿಶ್ರತಳಿಯ ಮರಿಗಳ ಚುಕ್ಕೆಗಳು ಮೊದಮೊದಲು ಸಣ್ಣವಾಗಿದ್ದವು, ನಿಜ. ಪ್ರದರ್ಶನದ ಕಣದಲ್ಲಿ ಚುಕ್ಕೆಯೇ ಸರ್ವಸ್ವ. ಆದರೆ ಚುಕ್ಕೆಯನ್ನು ಆಯ್ಕೆಯಿಂದ ತಿದ್ದಬಹುದು, ಈ ದೋಷವನ್ನು ತಳಿಯೊಳಗೆ ಆರಿಸುತ್ತ ಕೂತು ತಿದ್ದಲಾಗದು. ಬಹುಪಾಲು ನಾಯಿಗಳಿಗೆ, ಅದರಲ್ಲೂ ಹೆಣ್ಣಿಗೆ, ಕಲ್ಲಾಗುವುದೇ ಇಲ್ಲ ಎಂಬುದೂ ಸರಿ. ಯಾವ ಗಂಡಿಗೆ ಆಗುತ್ತದೆಂದು ಮೊದಲೇ ಹೇಳುವವರಾರು? ಇನ್ನು ಯಕೃತ್ತಿನಂಥ ಮಾಂಸ ಬಿಡಿಸಿ, ನೀರು ಹೆಚ್ಚು ಕುಡಿಸಿದರೆ ಸಾಲದೇ ಎಂಬ ವಾದ. ಅಪಾಯ ತಗ್ಗುತ್ತದೆ, ಆದರೆ ಆ ಪಥ್ಯ ನಾಯಿಯ ಆಯುಷ್ಯವಿಡೀ ನಡೆಯಬೇಕು. ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಔಷಧಿ ಕೊಡುವಾಗ ಪಥ್ಯ ತಪ್ಪಿದರೆ ಕ್ಸಾಂಥಿನ್ ಎಂಬ ಬೇರೆಯೇ ಕಲ್ಲು ಕಟ್ಟಬಹುದು. ಇದೇ ವಂಶವಾಹಿ ದೋಷ ಬುಲ್‌ಡಾಗ್‌ಗಳಲ್ಲೂ ಇದೆ, ಆದರೆ ಆ ತಳಿಯ ಎಲ್ಲ ನಾಯಿಗಳಲ್ಲಿ ಅಲ್ಲ. ಅಲ್ಲಿ ಜೋಡಿ ಮಾಡುವ ಮುನ್ನ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಕು, ಹೊರಗಿನ ರಕ್ತದ ಜಗಳವೇ ಏಳುವುದಿಲ್ಲ.