ಮಣಲಿಯಿಂದ ಹೊರಟ ಪಿಟೀಲು

ಧನುರ್ಮಾಸ ಬಂತೆಂದರೆ ನಮ್ಮ ಚೆನ್ನೈಯ ಸಭೆಗಳಲ್ಲಿ ಸಂಗೀತದ ಸುಗ್ಗಿ. ಕಚೇರಿ ಮುಗಿಸಿ ಹೊರಬರುವಾಗ ಒಂದು ಮಾತು ಕಿವಿಗೆ ಬೀಳುವುದುಂಟು. ಶಾಸ್ತ್ರೀಯವಾಗಿ ಕಲಿತವರು ಜಾನಪದ ವಾದಕರೊಡನೆ ಕುಳಿತು ನುಡಿಸಿದರೆ ಕಲಿತ ವಿದ್ಯೆ ಕೆಡುತ್ತದೆಯಂತೆ! ನಾವು ಸಂಗೀತ ಪಂಡಿತರಲ್ಲ, ಬ್ಯಾಂಕಿನಲ್ಲಿ ಲೆಡ್ಜರು ಬರೆಯುವವರು. ಆದರೆ ಲೆಕ್ಕದಲ್ಲಿ ಸಂದೇಹ ಬಂದರೆ ಮೊದಲ ಪುಟದಿಂದ ನೋಡಬೇಕೆಂಬುದು ನಮ್ಮ ವೃತ್ತಿ ಕಲಿಸಿದ ಪಾಠ. ಪಿಟೀಲಿನ ಮೊದಲ ಪುಟವೋ ಈ ಊರಿನಲ್ಲಿಯೇ ಇದೆ.

ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನ ಉತ್ತರಕ್ಕಿರುವ ಮಣಲಿಯಲ್ಲಿ, ಅಲ್ಲಿನ ಮೊದಲಿಯಾರರ ಆಶ್ರಯದಲ್ಲಿ, ಯೂರೋಪಿನ ವಾದಕನೊಬ್ಬನಿಂದ ಪಿಟೀಲು ಕಲಿತರು. ಈ ವಾದ್ಯಕ್ಕೆ ವೀಣೆಯಂತೆ ಮೆಟ್ಟಿಲುಗಳಿಲ್ಲ. ಬೆರಳು ಜಾರಿದಂತೆ ಗಮಕ ಹೊಮ್ಮುತ್ತದೆ, ಕಂಠದ ನೆರಳಾಗಿ ನಡೆಯುತ್ತದೆ. ಆದುದರಿಂದಲೇ ಹೊರನಾಡಿನ ವಾದ್ಯ ನಮ್ಮ ಕಚೇರಿಯಲ್ಲಿ ಮನೆಯವರಂತೆ ಕುಳಿತುಬಿಟ್ಟಿತು.

ಅದೇ ಕಾಲದಲ್ಲಿ ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡಿನವರು ನುಡಿಸುತ್ತಿದ್ದ ಧಾಟಿಗಳು ಮುತ್ತುಸ್ವಾಮಿ ದೀಕ್ಷಿತರ ಕಿವಿಗೂ ಬಿದ್ದವು. ಅಂಥ ಧಾಟಿಗಳಿಗೆ ಅವರು ಸಂಸ್ಕೃತದಲ್ಲಿ ಸಾಹಿತ್ಯ ರಚಿಸಿದರು. ಸುಮಾರು 40ರಷ್ಟಿರುವ ಇವೇ 'ನೋಟ್ಟುಸ್ವರ'ಗಳು. 'ವರಶಿವಬಾಲಂ' ಎಂಬುದರ ಧಾಟಿ ಸ್ಕಾಟ್ಲೆಂಡಿನ ಜನ ಕುಣಿಯುತ್ತಿದ್ದ 'ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್'. ತ್ರಿಮೂರ್ತಿಗಳಲ್ಲಿ ಒಬ್ಬರಾದ ದೀಕ್ಷಿತರಿಗೆ ಕುಣಿತದ ಧಾಟಿ ಮೈಲಿಗೆಯಾಗಲಿಲ್ಲ. ಅವರ ವಿದ್ಯೆ ಕೆಟ್ಟಿತೆಂದು ಯಾರು ತಾನೆ ಹೇಳಿಯಾರು?

ಕನ್ನಡ ನಾಡಿನಲ್ಲಿ ಈ ವಾದ್ಯಕ್ಕೆ ಹೊಸ ಬಲ ತಂದವರು ಪಿಟೀಲು ಚೌಡಯ್ಯನವರು (ನಿಧನ: 1967). ತಿರುಮಕೂಡಲಿನಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಕಲಿತ ಅವರು, ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಕಟ್ಟಿದರು. ನಮ್ಮೂರಿನ ಮ್ಯೂಸಿಕ್ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಗೌರವವನ್ನಿತ್ತಿತು. ಅದೇ ಏಳು ತಂತಿಯ ಹಾದಿಯಲ್ಲಿ ನಡೆದವರು ರುದ್ರಪಟ್ಟಣದ ಆರ್. ಆರ್. ಕೇಶವಮೂರ್ತಿಗಳು.

ಕೇಶವಮೂರ್ತಿಗಳ ಶಿಷ್ಯೆಯರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಬೆಳೆದ ವಿದುಷಿ ಜ್ಯೋತ್ಸ್ನಾ ಶ್ರೀಕಾಂತ್. ತಾಯಿ ರತ್ನಾ ಶ್ರೀಕಂಠಯ್ಯನವರು ಸ್ವತಃ ಸಂಗೀತ ಶಿಕ್ಷಕಿ, ಮನೆಯಲ್ಲಿಯೇ ಬಾಲಪಾಠ. ಎಳವೆಯಲ್ಲಿ ಕುನ್ನಕ್ಕುಡಿ ವೈದ್ಯನಾಥನ್ ಅವರ ಕಚೇರಿ ಕೇಳಿ ಪಿಟೀಲಿಗೆ ಮನಸೋತರು. ಪಾಶ್ಚಾತ್ಯ ಪದ್ಧತಿಯನ್ನು ಕಲಿತದ್ದು ನಮ್ಮ ಚೆನ್ನೈಯ ವಿ. ಎಸ್. ನರಸಿಂಹನ್ ಅವರಲ್ಲಿ. ವೈದ್ಯಕೀಯವನ್ನೂ ಓದಿ ಲಂಡನ್ನಿಗೆ ಹೋಗಿ ನೆಲೆಸಿದರು.

ಅಲ್ಲಿ ಅವರು ಸ್ವೀಡನ್ನಿನ ಜಾನಪದ ವಾದಕರೊಡನೆ ಸೇರಿ 'ನಾರ್ಡಿಕ್ ರಾಗ' ಎಂಬ ಮೇಳದಲ್ಲಿ ನುಡಿಸಿದರು. ಆ ದೇಶದ ಹಳ್ಳಿಗಳಲ್ಲಿ ಹಿಂದೆ ಮದುವೆಗೂ ಕುಣಿತಕ್ಕೂ ಪಿಟೀಲು ನುಡಿಸುತ್ತಿದ್ದರು; 'ಪೊಲ್ಸ್ಕಾ' ಎಂಬ ಕುಣಿತಕ್ಕೂ ಅದರ ದನಿ ಜೊತೆಗೂಡುತ್ತಿತ್ತು. ಮೇಳದಲ್ಲಿದ್ದ ಮ್ಯಾಟ್ಸ್ ಎಡೆನ್ ಅವರ ಪಿಟೀಲಿನಲ್ಲಿ ನಮ್ಮ ತಂಬೂರಿಯ ಶ್ರುತಿಯನ್ನು ನೆನಪಿಸುವಂತೆ ಹಿಂದಿನಿಂದ ಮಿಡಿಯುವ ನಾದವುಂಟು. ಅದರ ಪಕ್ಕದಲ್ಲಿ ನಮ್ಮ ರಾಗ.

ಈಗ ಲೆಕ್ಕ ಕೂಡಿಸೋಣ. ಯೂರೋಪಿನಿಂದ ಬಂದ ವಾದ್ಯ ಮಣಲಿಯಲ್ಲಿ ರಾಗ ಕಲಿಯಿತು, ಮೈಸೂರು ಸೀಮೆಯಲ್ಲಿ ಏಳು ತಂತಿ ಕಟ್ಟಿಕೊಂಡಿತು. ಎರಡು ಶತಮಾನಗಳ ತರುವಾಯ ಕೇಶವಮೂರ್ತಿಗಳ ಶಿಷ್ಯೆಯ ಕೈಯಲ್ಲಿ ಯೂರೋಪಿನ ಹಳ್ಳಿಯ ವಾದಕರನ್ನು ಕಂಡು ಬಂತು. ಬರಿಗೈಯಲ್ಲಿ ಹೋದದ್ದಲ್ಲ, ತವರಿಗೆ ಬರುವ ಮಗಳಂತೆ ಮಡಿಲು ತುಂಬಿಕೊಂಡು ಹೋಯಿತು. ಇಲ್ಲಿ ಕೆಟ್ಟದ್ದೇನು? ಒಂದನ್ನಂತೂ ಮರೆಯಬಾರದು. ಗುರುಮುಖದ ಪಾಠ ಗಟ್ಟಿಯಾಗಿದ್ದುದರಿಂದಲೇ ಪರರ ಮೇಳದಲ್ಲಿ ಆಕೆಯ ರಾಗ ಕರಗಿಹೋಗಲಿಲ್ಲ.

ಓದುಗ ಬಂಧುಗಳೇ, ಇದು ಪಿಟೀಲಿನ ಕಥೆ ಮಾತ್ರವೇ? ಹೊಟ್ಟೆಪಾಡಿಗೆಂದು ಈ ಊರಿಗೆ ಬಂದ ನಮ್ಮ ಮಕ್ಕಳು ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು ಆಡುತ್ತಾರೆ. ಕನ್ನಡ ಕೆಟ್ಟೀತೆಂದು ನಾವು ಹೆದರುತ್ತೇವೆ. ನೆರೆಯವರ ನುಡಿಯಿಂದ ನಮ್ಮ ನುಡಿ ಕೆಡುವುದಿಲ್ಲ. ಮನೆಯ ಬಾಲಪಾಠ ತಪ್ಪಿದರೆ ಕೆಡುತ್ತದೆ. ದಿನಕ್ಕೆ ಅರ್ಧ ಗಂಟೆಯಾದರೂ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಓದಿಸೋಣ. ಆಮೇಲೆ ಅವರು ಯಾವ ಮೇಳಕ್ಕೆ ಹೋದರೂ ಚಿಂತೆಯಿಲ್ಲ.